ಬೇಡ ಅಂದವರು ಬೇರೆ, ಸುಮ್ಮನಾದವರು ಬೇರೆ

ನಮಸ್ಕಾರ ಎಲ್ರಿಗೂ. ಇವತ್ತು ಒಂದು ಸಣ್ಣ ವಿಷಯಕ್ಕೆ ದೊಡ್ಡ ಜಗಳ ಆಡೋಣ ಅಂತಿದೀನಿ. ರಿಪೇರಿ ಅಂಗಡಿ ನಡೆಸೋರು, ಕೌಂಟರಲ್ಲಿ ಕೂರೋರು ಒಂದ್ಸಲ ನಿಮ್ಮ ಸಾಫ್ಟ್‌ವೇರ್ ಓಪನ್ ಮಾಡಿ, ಎಸ್ಟಿಮೇಟ್ ಲಿಸ್ಟ್‌ಗೆ (ರಿಪೇರಿಗೆ ಎಷ್ಟಾಗತ್ತೆ ಅಂತ ಕಸ್ಟಮರ್‌ಗೆ ಕಳಿಸ್ತೀವಲ್ಲ, ಅದು) ಹೋಗಿ, ಕೆಳಗೆ ಸ್ಕ್ರೋಲ್ ಮಾಡ್ತಾ ಹೋಗಿ. ಮೇಲಿನ ಹತ್ತು ಹದಿನೈದು ಪರವಾಗಿಲ್ಲ, ನಿನ್ನೆ ಮೊನ್ನೆದು. ಅದಾದ್ಮೇಲೆ ಶುರುವಾಗತ್ತೆ ನೋಡಿ ಸ್ಮಶಾನ, ಆರು ತಿಂಗಳ ಹಿಂದಿಂದು, ವರ್ಷದ ಹಿಂದಿಂದು, ಎಲ್ಲಾದ್ರ ಮುಂದೂ 'ಸೆಂಟ್' ಅಂತಾನೇ ಇದೆ. ಸರಿ, ಕಳಿಸಿದ್ವಿ. ಆಮೇಲೆ ಏನಾಯ್ತು? ದೇವರಿಗೇ ಗೊತ್ತು.

ಇದನ್ನ ನೋಡಿ ನೋಡಿ ಬೇಜಾರಾಗಿ ಒಂದಿನ ಏನ್ಮಾಡ್ತೀವಿ ಅಂದ್ರೆ, ಎಲ್ಲಾ ಸೆಲೆಕ್ಟ್ ಮಾಡಿ, ಒಂದೇ ಏಟಿಗೆ 'ಡಿಕ್ಲೈನ್ಡ್' ಒತ್ತಿ ಕೈ ತೊಳ್ಕೊಂಡುಬಿಡ್ತೀವಿ. ನಾನೂ ಮಾಡಿದೀನಿ, ಸುಳ್ಳು ಯಾಕೆ ಹೇಳ್ಲಿ. ಲಿಸ್ಟ್ ಕ್ಲೀನ್ ಆಯ್ತು ಅಂತ ಖುಷಿನೂ ಪಟ್ಟಿದೀನಿ. ಆ ಕಥೆ ಕೊನೇಲಿ ಹೇಳ್ತೀನಿ.

ನನ್ನ ತಕರಾರು ಇಷ್ಟೇ. ಡಿಕ್ಲೈನ್ಡ್ ಅಂದ್ರೆ ಕಸ್ಟಮರ್ ನೋಡಿದ್ರು, ಲೆಕ್ಕ ಹಾಕಿದ್ರು, ಬೇಡ ಅಂದ್ರು. ಎಕ್ಸ್‌ಪೈರ್ಡ್ ಅಂದ್ರೆ ಯಾರೂ ಏನೂ ಹೇಳಿಲ್ಲ, ಟೈಮ್ ಮುಗೀತು ಅಷ್ಟೇ. ಮೊದಲನೇದು ಅವರ ಉತ್ತರ, ಎರಡನೇದ್ರಲ್ಲಿ ತಪ್ಪು ಬಹಳ ಸಲ ನಮ್ದೇ ಇರತ್ತೆ. ಮೇಲ್ ಸ್ಪ್ಯಾಮ್‌ಗೆ ಹೋಗಿರತ್ತೆ, ನಂಬರಲ್ಲಿ ಒಂದಂಕಿ ತಪ್ಪಿರತ್ತೆ, ಇಲ್ಲಾ ನಾವು ಎಸ್ಟಿಮೇಟ್ ಕಳಿಸೋಕೇ ನಾಲ್ಕು ದಿನ ತಗೊಂಡು ಅಷ್ಟರಲ್ಲಿ ಅವರು ಹೊಸದೇ ತಗೊಂಡಿರ್ತಾರೆ. ಇವೆರಡನ್ನೂ ಒಂದೇ ಡಬ್ಬಕ್ಕೆ ಹಾಕಿದ್ರೆ ತಿಂಗಳ ಕೊನೆಗೆ ರಿಪೋರ್ಟ್ ಏನ್ ಹೇಳತ್ತೆ? ಜನ ನಿಮ್ಮ ರೇಟ್ ಒಪ್ತಿಲ್ಲ ಅಂತ. ಓನರ್ ಗಾಬರಿಯಾಗಿ ಲೇಬರ್ ಚಾರ್ಜ್ ಇಳಿಸ್ತಾರೆ. ಆದ್ರೆ ಅರ್ಧ ಜನ ನಾವು ಕಳಿಸಿದ ಎಸ್ಟಿಮೇಟ್ ಲಿಂಕ್ ಓಪನ್ನೇ ಮಾಡಿರಲ್ಲ!

ಇನ್ನು ವ್ಯಾಲಿಡಿಟಿ. ಎಸ್ಟಿಮೇಟ್‌ಗೆ ಕೊನೆ ದಿನಾಂಕ ಹಾಕದೇ ಕಳಿಸೋದು ಸಹಿ ಮಾಡಿದ ಖಾಲಿ ಚೆಕ್ ಕೊಟ್ಟ ಹಾಗೆ. ನಮ್ಮಲ್ಲಿ ಒಂದ್ಸಲ ಲ್ಯಾಪ್‌ಟಾಪ್ ಸ್ಕ್ರೀನ್‌ದು ಹೀಗೇ ಹೋಗಿತ್ತು. ಎರಡೂವರೆ ತಿಂಗಳಾದ್ಮೇಲೆ ಆ ಮನುಷ್ಯ ಹಳೇ ಮೆಸೇಜ್ ಹುಡುಕಿ, ಲಿಂಕ್ ಓಪನ್ ಮಾಡಿ, ಅಪ್ರೂವ್ ಒತ್ತಿದ್ರು. ಸಾಫ್ಟ್‌ವೇರ್ ಪಾಪ, ಹೇಳಿದ್ದು ಕೇಳತ್ತೆ, ಜಾಬ್ ಕಾರ್ಡ್ (ಕೆಲಸದ ಚೀಟಿ) ಮಾಡ್ತು, ಪಾರ್ಟ್ ಬುಕ್ ಮಾಡೋಕೆ ಹೇಳ್ತು. ಪ್ಯಾನೆಲ್ ರೇಟ್ ಅಷ್ಟರಲ್ಲಿ ಮೇಲೆ ಹೋಗಿತ್ತು. ಫೋನ್ ಮಾಡಿ "ಸರ್, ಅದು ಹಳೇ ರೇಟು" ಅಂದೆ. "ಅಪ್ರೂವ್ ಬಟನ್ ನೀವೇ ಇಟ್ಟಿದ್ರಲ್ಲಪ್ಪ" ಅಂದ್ರು. ಏನ್ ಮಾತಾಡ್ತೀರಾ ಇದಕ್ಕೆ? ಹಳೇ ರೇಟಿಗೇ ಮಾಡ್ಕೊಟ್ವಿ. ಅವತ್ತಿಂದ ನಮ್ಮಲ್ಲಿ ದಿನಾಂಕ ದಾಟಿದ್ರೆ ಅಪ್ರೂವ್ ಬಟನ್ ಇರಲ್ಲ, ಅದೇ ಜಾಗದಲ್ಲಿ 'ಹೊಸ ರೇಟ್ ಕೇಳಿ' ಅಂತ ಬರತ್ತೆ.

ಎಷ್ಟು ದಿನ ಇಡ್ಬೇಕು ಅಂತ ಕೇಳ್ತೀರಾ. ಎಲ್ಲಾದಕ್ಕೂ ಮೂವತ್ತು ದಿನ ಅಂತ ಡೀಫಾಲ್ಟ್ ಬಿಡೋದು ಸೋಮಾರಿತನ. ಬರೀ ಲೇಬರ್ ಕೆಲಸ ಆದ್ರೆ ತಿಂಗಳಿಟ್ರೂ ನಷ್ಟ ಇಲ್ಲ, ರೇಟ್ ಏರಿಳಿಯೋ ಪಾರ್ಟ್ ಇದ್ರೆ ಒಂದು ವಾರ ಸಾಕು. ಆದ್ರೆ ನೀರು ಬಿದ್ದ ಫೋನ್ ತಗೊಳ್ಳಿ. ಬೋರ್ಡ್ ಮೇಲೆ ತುಕ್ಕು ಹಿಡಿಯೋದು ಕಸ್ಟಮರ್ ಯೋಚನೆ ಮುಗಿಸ್ಲಿ ಅಂತ ಕಾಯಲ್ಲ, ಇವತ್ತು ಚಾರ್ಜಿಂಗ್ ಲೈನ್ ಒಂದೇ ಹೋಗಿದೆ ಅಂತ ಬರೆದಿರ್ತೀರಾ, ಹತ್ತು ದಿನ ಬಿಟ್ಟು ಓಪನ್ ಮಾಡಿದ್ರೆ ಇನ್ನೆರಡು ಐಸಿ (ಚಿಪ್) ಹೋಗಿರತ್ತೆ. ಅಲ್ಲಿ ಹಳೇದಾಗಿರೋದು ರೇಟ್ ಅಲ್ಲ, ನಾವು ಕಂಡುಹಿಡಿದಿದ್ದ ಫಾಲ್ಟೇ ಹಳೇದು. ಅದಕ್ಕೆ ಮತ್ತೆ ಚೆಕ್ ಮಾಡದೇ ಹೊಸ ಎಸ್ಟಿಮೇಟ್ ಕೊಡ್ಲೇಬಾರ್ದು.

ಮತ್ತೆ ದಯವಿಟ್ಟು ಹಳೇ ಎಸ್ಟಿಮೇಟ್‌ಗೆ ಹೋಗಿ ಅದರಲ್ಲೇ ದಿನಾಂಕ, ರೇಟ್ ಬದಲಾಯಿಸಬೇಡಿ. ಕಾಪಿ ಮಾಡಿ ಹೊಸ ನಂಬರ್ ಕೊಡಿ, ಹಳೇದು ಹಾಗೇ ಮುಚ್ಚಿರ್ಲಿ. ಇಲ್ಲಾಂದ್ರೆ ಕಸ್ಟಮರ್ ಹತ್ರ ಹಳೇ ಪಿಡಿಎಫ್ ಇರತ್ತೆ, ನಿಮ್ಮ ಹತ್ರ ಹೊಸದು ಇರತ್ತೆ, ಎರಡ್ರದ್ದೂ ಒಂದೇ ನಂಬರ್, ಅಮೌಂಟ್ ಮಾತ್ರ ಬೇರೆ ಬೇರೆ. ಆ ಜಗಳದಲ್ಲಿ ನೀವು ಗೆಲ್ಲಲ್ಲ.

ಈಗ ನಿಜವಾಗ್ಲೂ ಬೇಡ ಅಂದವರ ವಿಷಯ. ಡಿಕ್ಲೈನ್ಡ್ ಒತ್ತಿದ್ರೆ ಕೆಲಸ ಮುಗೀತು ಅನ್ಕೋತಾರೆ, ಅಸಲಿ ಕೆಲಸ ಶುರುವಾಗೋದೇ ಅಲ್ಲಿ. ಬಿಚ್ಚಿಟ್ಟ ಮೆಷಿನ್‌ಗೆ ಸ್ಕ್ರೂ ವಾಪಸ್ ಹಾಕೋರ್ಯಾರು? ಅದಕ್ಕೆ ಅಂತ ಎತ್ತಿಟ್ಟ ಪಾರ್ಟ್ ಸ್ಟಾಕಿಗೆ ಬಿಡೋರ್ಯಾರು? ಚೆಕಿಂಗ್ ಚಾರ್ಜ್ ಬಿಲ್ ಆಯ್ತಾ? ಇದೆಲ್ಲ ಸ್ಟೇಟಸ್ ಬದಲಾದ ಕೂಡ್ಲೇ ಟೆಕ್ನಿಷಿಯನ್ ಲಿಸ್ಟಲ್ಲಿ ಕೆಲಸವಾಗಿ ಬಂದು ಕೂರ್ಬೇಕು, ಇಲ್ಲಾಂದ್ರೆ ಕಸ್ಟಮರ್ ಬಂದು ನಿಂತಾಗ್ಲೇ ನಮಗೆ ಸ್ಕ್ರೂ ಕವರ್ ಎಲ್ಲಿ ಅಂತ ನೆನಪಾಗೋದು.

ಗಾಡಿ ಕೆಲಸದವರಿಗೆ ಇದು ಇನ್ನೂ ಮುಖ್ಯ, ಯಾಕಂದ್ರೆ ಅಲ್ಲಿ ಅರ್ಧ ಬೇಕು ಅರ್ಧ ಬೇಡ ಜಾಸ್ತಿ. ಆಯಿಲ್ ಚೇಂಜ್ ಮಾಡಿ, ಬ್ರೇಕ್ ಪ್ಯಾಡ್ ಆಮೇಲೆ ನೋಡೋಣ ಅಂತಾರೆ. ಕಾರಿನ ಹೊಸ ಪ್ಯಾಡ್ ಹೆಚ್ಚುಕಮ್ಮಿ 10ರಿಂದ 12 ಮಿಲಿಮೀಟರ್ ದಪ್ಪ ಇರತ್ತೆ, 3ಕ್ಕೆ ಬಂತು ಅಂದ್ರೆ ಬದಲಾಯಿಸೋ ಟೈಮ್. ಬೇಡ ಅಂದ ತಕ್ಷಣ ಆ ಲೈನ್ ಡಿಲೀಟ್ ಮಾಡೋರನ್ನ ನೋಡಿದೀನಿ, ಅಯ್ಯೋ ಅನ್ಸತ್ತೆ. ಅವರು ಬೇಡ ಅಂದ್ರು ಅಂತ ಪ್ಯಾಡ್ ವಾಪಸ್ ಬೆಳೆಯಲ್ಲ. ಆ ಲೈನ್ ಮಾತ್ರ ಡಿಕ್ಲೈನ್ಡ್ ಮಾಡಿ, ಎಷ್ಟು ಮಿಲಿಮೀಟರ್ ಉಳಿದಿತ್ತು, ಯಾವತ್ತು ಹೇಳಿದ್ವಿ ಅಂತ ಬರೆದಿಡಿ. ಮುಂದಿನ ಸಲ ಗಾಡಿ ಬಂದಾಗ ಕೌಂಟರಲ್ಲಿ ಬೇರೆ ಯಾರಿದ್ರೂ ಮೊದ್ಲು ಕಣ್ಣಿಗೆ ಬೀಳೋದು ಅದೇ ಆಗಿರ್ಲಿ.

ಕಾರಣ ಬರೆಯೋಕೆ ಡ್ರಾಪ್‌ಡೌನಲ್ಲಿ ಹದಿನಾಲ್ಕು ಆಪ್ಷನ್ ಇಟ್ರೆ ಎಲ್ರೂ 'ಇತರೆ' ಒತ್ತಿ ಹೋಗ್ತಾರೆ. ರೇಟ್ ಜಾಸ್ತಿ, ತಡ ಆಗತ್ತೆ, ಹೊಸದು ತಗೊಂಡ್ರು, ಬೇರೆ ಕಡೆ ಮಾಡಿಸಿದ್ರು, ಸಾಕು. ಅದ್ರ ಕೆಳಗೆ ಅವರೇ ಹೇಳಿದ ಮಾತು ಒಂದು ಲೈನ್.

ನೆನಪಿಸೋ ಮೆಸೇಜು ದಿನಾಂಕ ಮುಗಿಯೋ ಎರಡು ದಿನ ಮುಂಚೆ ಹೋಗ್ಲಿ, ಮುಗಿದ್ಮೇಲೆ ಒಂದು ಫೋನ್, ಅಷ್ಟೇ. ಬೇಡ ಅಂದವರಿಗೆ ಆಟೋಮ್ಯಾಟಿಕ್ ಮೆಸೇಜ್ ಬೇಡವೇ ಬೇಡ. "ಬೇಡ ಅಂದ್ನಲ್ಲ ಸ್ವಾಮಿ, ಇನ್ನೆಷ್ಟು ಸಲ ಹೇಳ್ಲಿ" ಅಂತ ಬೈಸ್ಕೊಂಡವನು ನಾನು.

ಹಾಂ, ಆ ಕಥೆ. ಎಲ್ಲಾ ಡಿಕ್ಲೈನ್ಡ್ ಮಾಡಿದ್ಮೇಲೆ ಒಂದಿನ ಶೆಲ್ಫ್ ಒರೆಸ್ತಾ ಇದ್ದಾಗ ಹಿಂದ್ಗಡೆ ಒಂದು ಟ್ಯಾಬ್ಲೆಟ್ ಸಿಕ್ತು, ಮೇಲೆ ನಮ್ದೇ ಟ್ಯಾಗು. ಫೋನ್ ಮಾಡಿದ್ರೆ ಆ ಕಡೆ ವಯಸ್ಸಾದವರೊಬ್ರು, "ರೇಟ್ ಎಷ್ಟಾಗತ್ತೆ ಅಂತ ನೀವು ಹೇಳ್ತೀನಿ ಅಂದಿದ್ರಲ್ಲಪ್ಪ, ಅದಕ್ಕೇ ಕಾಯ್ತಿದ್ದೆ" ಅಂದ್ರು. ಎಸ್ಟಿಮೇಟ್ ತೆಗೆದು ನೋಡಿದೆ. ಕಳಿಸಿದ್ದ ಮೇಲ್ ಐಡಿಯಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು, ಪಕ್ಕದಲ್ಲಿ ಕೆಂಪಕ್ಷರದಲ್ಲಿ ಡಿಕ್ಲೈನ್ಡ್ ಅಂತಿತ್ತು.