ತಲೆ ಎತ್ತಬೇಡಿ, ನೇರ ಮುಂದೆ ನೋಡಿ

ಎಲ್ಲರಿಗೂ ನಮಸ್ಕಾರ. ಇದು ಮುಳ್ಳಯ್ಯನಗಿರಿ. ಎತ್ತರ 1930 ಮೀಟರ್, ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇನ್ನೊಂದಿಲ್ಲ. ಮಳೆಗಾಲ ಮುಗಿದಿದೆ, ಆಕಾಶ ತೊಳೆದಿಟ್ಟ ಹಾಗಿದೆ.

ಆಕಾಶ ಯಾಕೆ ನೀಲಿ ಅಂತ ಕೇಳಿದರೆ ಎಲ್ಲರೂ ತಲೆ ಎತ್ತುತ್ತಾರೆ. ಇವತ್ತು ಬೇಡ, ನೇರ ಮುಂದೆ ನೋಡಿ. ಮೊದಲನೇ ಬೆಟ್ಟ ಹಸಿರು. ಹುಲ್ಲು, ಇಳಿಜಾರಿನ ಸಂದಿಯಲ್ಲಿ ಶೋಲಾ ಕಾಡು, ಒಂದೊಂದು ಮರವೂ ಬೇರೆ ಬೇರೆ ಕಾಣುತ್ತದೆ. ಅದರ ಹಿಂದಿನದು ಸ್ವಲ್ಪ ಮಂಕು. ಅದರಾಚೆಯದಕ್ಕೆ ನೀಲಿ ಹತ್ತಿದೆ. ಕೊನೆಯ ಸಾಲು ಇದೆಯಲ್ಲ, ಅದು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅಂತ ಹೇಳುವುದೇ ಕಷ್ಟ.

ಆ ಕೊನೆಯ ಬೆಟ್ಟಕ್ಕೆ ಹೋಗಿ ನಿಂತರೆ ಅಲ್ಲೂ ಹಸಿರೇ. ಅಲ್ಲಿಂದ ತಿರುಗಿ ನೋಡಿದರೆ ನಾವು ನಿಂತಿರುವ ಈ ಬೆಟ್ಟವೇ ನೀಲಿ! ಅಂದರೆ ನೀಲಿ ಬೆಟ್ಟದ ಮೇಲಿಲ್ಲ, ನಡುವೆ ಇರುವ ಗಾಳಿಯಲ್ಲಿದೆ. ನಮ್ಮ ತಲೆ ಮೇಲಿರುವ ನೀಲಿಯೂ ಅದೇ. ಆಕಾಶ ಎಲ್ಲೋ ಮೇಲೆ ಹೊದಿಸಿದ ಚಾವಣಿ ಅಲ್ಲ, ನಮ್ಮ ಮೂಗಿನ ತುದಿಯಿಂದಲೇ ಶುರುವಾಗುತ್ತದೆ. ಇದು ಗೊತ್ತಾದ ಮೇಲೆ ನನಗೆ ಬೆಟ್ಟ ನೋಡುವ ರೀತಿಯೇ ಬದಲಾಯಿತು.

ಬಿಸಿಲಿನಲ್ಲಿ ಎಲ್ಲಾ ಬಣ್ಣಗಳೂ ಇವೆ. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕ, ಶೇ. 21ರಷ್ಟು ಆಮ್ಲಜನಕ. ಈ ಅಣುಗಳು ಬೆಳಕಿನ ಅಲೆಯ ಉದ್ದಕ್ಕಿಂತ ಸಾವಿರ ಪಟ್ಟು ಚಿಕ್ಕವು. ಬೆಳಕು ಹಾದುಹೋಗುವಾಗ ಅದರಲ್ಲಿ ಸ್ವಲ್ಪವನ್ನು ಅವು ಸುತ್ತಲೂ ಚದುರಿಸುತ್ತವೆ. ಆದರೆ ಎಲ್ಲಾ ಬಣ್ಣವನ್ನೂ ಒಂದೇ ಸಮ ಚದುರಿಸುವುದಿಲ್ಲ. ಅಲೆಯ ಉದ್ದ ಅರ್ಧಕ್ಕಿಳಿದರೆ ಚದುರುವುದು 16 ಪಟ್ಟು ಜಾಸ್ತಿ. ಕೆಂಪಿನ ಅಲೆ ಸುಮಾರು 700 ನ್ಯಾನೋಮೀಟರ್, ನೀಲಿಯದು 450. ಲೆಕ್ಕ ಹಾಕಿದರೆ ನೀಲಿ ಹತ್ತಿರ ಹತ್ತಿರ 6 ಪಟ್ಟು ಹೆಚ್ಚು ಚದುರುತ್ತದೆ. ಇದನ್ನು 1871ರಲ್ಲಿ ಲೆಕ್ಕ ಮಾಡಿ ತೋರಿಸಿದವರು ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿ.

ನಮಗೂ ಆ ಬೆಟ್ಟಕ್ಕೂ ನಡುವಿನ ಗಾಳಿಗೆ ಬಿಸಿಲು ಬೀಳುತ್ತಲೇ ಇದೆ, ಅದು ನೀಲಿಯನ್ನು ನಮ್ಮ ಕಣ್ಣಿಗೂ ಎಸೆಯುತ್ತಿದೆ. ಹಿಂದೆ ಕಾಡಿನ ಕಪ್ಪು ಇರುವುದಕ್ಕೆ ಅದು ಎದ್ದು ಕಾಣುತ್ತದೆ. ತಲೆ ಮೇಲೂ ಅಷ್ಟೇ, ಅಲ್ಲಿ ಹಿಂದೆ ಇರುವುದು ಬಾಹ್ಯಾಕಾಶದ ಕತ್ತಲೆ. ಚಂದ್ರನ ಮೇಲೆ ಇಂಥ ಗಾಳಿ ಇಲ್ಲ, ಅದಕ್ಕೇ ಅಲ್ಲಿ ಹಾಡಹಗಲಲ್ಲೂ ಆಕಾಶ ಕಪ್ಪು.

ಗಾಳಿಯಲ್ಲಿ ತೇಲುವ ಸಣ್ಣ ಕಣಗಳಿಂದಲೇ ನೀಲಿ ಅಂತ ತುಂಬಾ ದಿನ ನಂಬಿದ್ದರು. ನಮ್ಮ ಕಡೆ ಇರುವವರಿಗೆ ಇದರಲ್ಲಿ ಅನುಮಾನ ಬರಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಧೂಳು, ಹೊಗೆ ತುಂಬಿದಾಗ ಆಕಾಶ ಬೆಳ್ಳಗಿರುತ್ತದೆ. ಮಳೆ ಬಂದು ಧೂಳು ಇಳಿದ ಮೇಲೆ ಕಡು ನೀಲಿ. ಅಲ್ವಾ?

ರೇಲಿ 1899ರಲ್ಲಿ ಇದೇ ಪ್ರಶ್ನೆಗೆ ವಾಪಸ್ ಬಂದರು. ಧೂಳೇ ಇಲ್ಲದಿದ್ದರೂ ಗಾಳಿಯ ಅಣುಗಳು ಮಾತ್ರ ಇಷ್ಟು ನೀಲಿ ಕೊಡಬಲ್ಲವೇ ಅಂತ. ಆಗ ಅವರು ನೆನಪಿಸಿಕೊಂಡದ್ದು ಯಾವುದನ್ನು ಗೊತ್ತಾ? ಡಾರ್ಜಿಲಿಂಗ್ ಕಡೆಯಿಂದ ಕಾಣುವ ಎವರೆಸ್ಟನ್ನು. ಸುಮಾರು 100 ಮೈಲಿ ದೂರ, ಆದರೂ ಚೆನ್ನಾಗಿಯೇ ಕಾಣುತ್ತದೆ. ಗಾಳಿ ಎಷ್ಟು ಬೆಳಕನ್ನು ಚದುರಿಸುತ್ತದೆ, ಎಷ್ಟನ್ನು ಬಿಡುತ್ತದೆ ಅಂತ ಅಳೆಯಲು ಅವರಿಗೂ ಒಂದು ದೂರದ ಬೆಟ್ಟ ಬೇಕಾಯಿತು. ಅಣುಗಳೇ ಬಹುಪಾಲು ಸಾಕು ಅನ್ನುವ ಉತ್ತರ ಬಂತು. ಈ ಒಂದು ವಿಷಯಕ್ಕೇ ನಾನು ಈ ವಿಡಿಯೊನ ಬೆಟ್ಟದ ಮೇಲೆ ಮಾಡಬೇಕು ಅಂದುಕೊಂಡಿದ್ದು.

ಈಗ ಮನೆಯಲ್ಲಿ ಮಾಡಿದ್ದು ತೋರಿಸುತ್ತೇನೆ. ಉದ್ದನೆಯ ಗಾಜಿನ ಬಾಟಲಿ, ತುಂಬಾ ನೀರು. ಕೆನೆ ತೆಗೆದ ಹಾಲು, ಕೆಲವೇ ಹನಿ. ಕೆನೆ ಬೇಡ, ಅದರ ಕಣ ದೊಡ್ಡದು, ಎಲ್ಲಾ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮ ಚದುರಿಸಿಬಿಡುತ್ತದೆ. ಲೈಟ್ ಆರಿಸಿ, ಬಾಟಲಿಯ ತಳಕ್ಕೆ ಮೊಬೈಲ್ ಟಾರ್ಚ್ ಇಡಿ. ಪಕ್ಕದಿಂದ ನೋಡಿ, ತೆಳು ನೀಲಿ. ಮೇಲಿನಿಂದ ಬಗ್ಗಿ ಟಾರ್ಚನ್ನೇ ನೋಡಿ, ಹಳದಿ, ಕಿತ್ತಳೆ. ನೀಲಿಯೆಲ್ಲ ದಾರಿಯಲ್ಲೇ ಪಕ್ಕಕ್ಕೆ ಹೋಯಿತು, ಉಳಿದದ್ದು ಇಷ್ಟೇ. ಸಂಜೆ ಸೂರ್ಯ ಕೆಂಪಾಗುವುದೂ ಹೀಗೇ, ಆಗ ಬೆಳಕು ಮಧ್ಯಾಹ್ನಕ್ಕಿಂತ 30 ಪಟ್ಟಿಗೂ ಹೆಚ್ಚು ಗಾಳಿ ದಾಟಿ ಬರಬೇಕು. ಇನ್ನಷ್ಟು ಹಾಲು ಹಾಕಿ, ಎಲ್ಲಾ ಬೆಳ್ಳಗಾಗುತ್ತದೆ. ಬೆಳಕು ಮತ್ತೆ ಮತ್ತೆ ಚದುರಿ ಬಣ್ಣಗಳೆಲ್ಲ ಕಲೆತುಹೋದವು. ದಿಗಂತದ ಹತ್ತಿರ ಆಕಾಶ ಬಿಳಿಚಿಕೊಂಡಿರುವುದಕ್ಕೂ ಇದೇ ಕಾರಣ.

ನೇರಳೆಯ ಅಲೆ ಇನ್ನೂ ಚಿಕ್ಕದು, ಹಾಗಾದರೆ ಆಕಾಶ ನೇರಳೆ ಯಾಕಲ್ಲ ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಬಿಸಿಲಿನಲ್ಲಿ ನೇರಳೆ ನೀಲಿಗಿಂತ ಕಡಿಮೆ, ನಮ್ಮ ಕಣ್ಣಿಗೂ ಅದು ಅಷ್ಟಾಗಿ ತಾಗುವುದಿಲ್ಲ. ಚದುರಿ ಬಂದ ಬಣ್ಣಗಳೆಲ್ಲ ಸೇರಿ ನಮಗೆ ನೀಲಿಯಾಗಿಯೇ ಕಾಣುತ್ತವೆ.

ಸಿ. ವಿ. ರಾಮನ್ ಅವರ ಹೆಸರು ಹೇಳದೆ ಮುಂದೆ ಹೋಗಲಾರೆ. 1921ರಲ್ಲಿ ಇಂಗ್ಲೆಂಡಿನಿಂದ ನರ್ಕುಂಡಾ ಹಡಗಿನಲ್ಲಿ ವಾಪಸ್ ಬರುತ್ತಿದ್ದರು. ಸಮುದ್ರದ ನೀಲಿ ಬರೀ ಆಕಾಶದ ಪ್ರತಿಬಿಂಬ ಅನ್ನುವುದು ರೇಲಿಯವರ ಮಾತಾಗಿತ್ತು. ರಾಮನ್ ನಿಕೋಲ್ ಪ್ರಿಸಮ್ ಅನ್ನುವ ಸಣ್ಣ ಹರಳನ್ನು ಹಿಡಿದು, ನೀರಿನ ಮೇಲಿನ ಹೊಳಪು ಕಣ್ಣಿಗೆ ಬೀಳದ ಹಾಗೆ ಮಾಡಿ ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು! ಅದು ನೀರಿನ ಒಳಗಿಂದಲೇ ಬರುತ್ತಿತ್ತು. ಅಲ್ಲಿಂದ ಶುರುವಾದ ಹುಡುಕಾಟ 1928ರ ಫೆಬ್ರವರಿ 28ಕ್ಕೆ, ರಾಮನ್ ಪರಿಣಾಮಕ್ಕೆ ಬಂದು ಮುಟ್ಟಿತು. ಅಂದರೆ, ಅಣುಗಳಿಂದ ಚದುರಿದ ಬೆಳಕಿನಲ್ಲಿ ಒಂಚೂರಿನ ಬಣ್ಣವೇ ಬದಲಾಗಿರುತ್ತದೆ ಅನ್ನುವುದು. 1930ರಲ್ಲಿ ನೊಬೆಲ್, 1933ರಲ್ಲಿ ನಮ್ಮ ಬೆಂಗಳೂರಿಗೆ.

ಆ ಹರಳು ಮಾಡುವ ಕೆಲಸವನ್ನು ಇವತ್ತು ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಮಾಡುತ್ತದೆ. ಸೂರ್ಯ ನಿಮ್ಮ ಭುಜದ ಪಕ್ಕಕ್ಕೆ ಬರುವ ಹಾಗೆ ನಿಂತು ಎದುರಿನ ಆಕಾಶ ನೋಡಿ. ಕನ್ನಡಕವನ್ನು ಕಣ್ಣೆದುರು ಹಿಡಿದು ನಿಧಾನಕ್ಕೆ ತಿರುಗಿಸಿ. ಕಾಣಿಸಿತಾ? ಒಂದು ಕೋನದಲ್ಲಿ ನೀಲಿ ಕಡುವಾಗುತ್ತದೆ, ಇನ್ನೂ ತಿರುಗಿಸಿದರೆ ತಿಳಿಯಾಗುತ್ತದೆ. ಚದುರಿ ಬಂದ ಬೆಳಕಿನ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಅಲುಗುತ್ತಿರುತ್ತವೆ, ಅದಕ್ಕೆ ಹೀಗೆ. ಜೇನುಹುಳುಗಳಿಗೆ ಇದು ಬರಿಗಣ್ಣಿಗೇ ಗೊತ್ತಾಗುತ್ತದೆ, ದಾರಿ ಹುಡುಕಲು ಇದನ್ನೇ ಬಳಸುತ್ತವೆ.

ಮಾಮೂಲಿ ಕಪ್ಪು ಕನ್ನಡಕದಲ್ಲಿ ಏನೂ ಬದಲಾಗುವುದಿಲ್ಲ, ಪೋಲರೈಸ್ಡೇ ಆಗಬೇಕು. ಬೆಳಗ್ಗೆ ಅಥವಾ ಸಂಜೆ, ಸೂರ್ಯ ಕೆಳಗಿರುವಾಗ ತಲೆ ಮೇಲಿನ ಆಕಾಶದಲ್ಲೂ ಇದನ್ನು ನೋಡಬಹುದು. ಮಕ್ಕಳ ಕೈಗೆ ಕೊಡುವಾಗ ಸೂರ್ಯನನ್ನೇ ನೋಡದ ಹಾಗೆ ಪಕ್ಕದಲ್ಲೇ ನಿಂತಿರಿ.