ಹಲಗೆಯ ದರ, ಚೀಲದ ಚೀಟಿ

ಕೇಳುಗರಿಗೆ ನಮಸ್ಕಾರ. ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆ ಪೈಥಾನ್ ಕಲಿತು, ಅದರಲ್ಲೇ ವೆಬ್‌ಸೈಟ್ ಕಟ್ಟಿಕೊಡುವ ಜಾಂಗೋದಲ್ಲಿ ಮೊದಲ ಮಾಡೆಲ್, ಅಂದರೆ ಡೇಟಾಬೇಸ್ ಕೋಷ್ಟಕದ ನಕ್ಷೆ, ಬರೆಯಲು ಕೂತವರಿಗೆ ಇವತ್ತು ನನ್ನದು ಒಂದೇ ಮಾತು: ಕ್ಲಾಸ್ ಮೇಲೆ ಬರೆದದ್ದು ಎಲ್ಲರದು, ಸೆಲ್ಫ್ ಮೇಲೆ ಬರೆದದ್ದು ಒಬ್ಬರದು.

ಗಂಗಾವತಿಯ ಒಂದು ನೆಲ್ಲಿನ ದಲಾಲಿ ಅಂಗಡಿ ನೆನೆಸಿಕೊಳ್ಳಿ. ಗೋಡೆಯ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಸೋನಾ ಮಸೂರಿಯ ದರ, 75 ಕೆಜಿ ಚೀಲಕ್ಕೆ ಇಷ್ಟು ಅಂತ. ಒಳಗೆ ನೂರು ಚೀಲ. ಯಾವ ಚೀಲದ ದರ ಕೇಳಿದರೂ ಗುಮಾಸ್ತ ಮೊದಲು ಚೀಲಕ್ಕೆ ಕಟ್ಟಿದ ಚೀಟಿ ನೋಡುತ್ತಾನೆ. ಚೀಟಿ ಇಲ್ಲದಿದ್ದರೆ ತಲೆಯೆತ್ತಿ ಹಲಗೆ ನೋಡುತ್ತಾನೆ. ಪೈಥಾನ್ ಮಾಡುವುದೂ ಅಷ್ಟೇ: ಹಲಗೆ ಅಂದರೆ ಕ್ಲಾಸ್, ಒಂದೊಂದು ಚೀಲ ಆ ಕ್ಲಾಸ್‌ನ ಒಂದೊಂದು ಆಬ್ಜೆಕ್ಟ್, ಕೋಡ್‌ನಲ್ಲಿ ಕೈಯಲ್ಲಿರುವ ಚೀಲವೇ ‘ಸೆಲ್ಫ್’. ಒಂದು ಚೀಲದ ನೆಲ್ಲು ಹಸಿ ಇದೆ, 50 ರೂಪಾಯಿ ಕಡಿಮೆ. ‘ಸೆಲ್ಫ್ ಡಾಟ್ ದರ’ಕ್ಕೆ ಹೊಸ ಬೆಲೆ ಕೊಟ್ಟಿರಿ: ಆ ಚೀಲಕ್ಕೊಂದು ಚೀಟಿ ಬಿತ್ತು. ಉಳಿದ 99 ಚೀಲ ಹಾಗೇ ಇವೆ.

ಎಡವಟ್ಟು ಆಗುವುದು ಇಲ್ಲಿ. ಹಲಗೆಯ ಮೂಲೆಯಲ್ಲಿ ‘ಷರಾ’ ಅಂತ ಖಾಲಿ ಲಿಸ್ಟ್ ಇಟ್ಟಿದ್ದೀರಿ. ಒಂದು ಚೀಲ ಹಿಡಿದು, ಅದರ ಷರಾಕ್ಕೆ ‘ಜೊಳ್ಳು ಜಾಸ್ತಿ’ ಅಂತ ಅಪೆಂಡ್ ಮಾಡುತ್ತೀರಿ. ಚೀಟಿ ಕಟ್ಟಲಿಲ್ಲ ಸ್ವಾಮಿ, ಹಲಗೆ ಮೇಲೇ ಗೀಚಿದಿರಿ! ಈಗ ನೂರೂ ಚೀಲ ಜೊಳ್ಳು. ಸೈಟ್ ಓಡಿಸುವ ಗನಿಕಾರ್ನ್ ಸರ್ವರ್‌ನಲ್ಲಿ ನಾಲ್ಕು ವರ್ಕರ್, ಅಂದರೆ ನಾಲ್ಕು ಬೇರೆ ಪ್ರೊಸೆಸ್, ಇದ್ದರೆ ನಾಲ್ಕು ಬೇರೆ ಹಲಗೆ. ಪುಟ ಒಮ್ಮೆ ರಿಫ್ರೆಶ್ ಮಾಡಿದರೆ ಷರಾ ಕಾಣುತ್ತದೆ, ಇನ್ನೊಮ್ಮೆ ಇಲ್ಲ. ರೀಸ್ಟಾರ್ಟ್ ಮಾಡಿದರೆ ಪೂರ್ತಿ ಮಾಯ. ಬೈಗುಳ ಮಾತ್ರ ಹಳೆ ಪುಟ ಕೂಡಿಡುವ ಕ್ಯಾಶ್‌ಗೆ.

‘ಹಾಗಾದರೆ ಜಾಂಗೋದ ಫೀಲ್ಡ್‌ಗಳನ್ನೂ ಕ್ಲಾಸ್‌ನಲ್ಲೇ ಬರೆಯುತ್ತೇವಲ್ಲ?’ ಅಂತೀರಿ. ಫೀಲ್ಡ್ ಅಂದರೆ ದರವಲ್ಲ, ದರ ಬರೆಯಬೇಕಾದ ಖಾನೆ. ಕ್ಲಾಸ್‌ಗಳನ್ನೇ ಕಟ್ಟುವ ಮಾಡೆಲ್‌ಬೇಸ್ ಎಂಬ ಮೆಟಾಕ್ಲಾಸ್ ಆ ಖಾನೆಗಳನ್ನು ‘ಅಂಡರ್‌ಸ್ಕೋರ್ ಮೆಟಾ’ದಲ್ಲಿ ದಾಖಲಿಸಿಕೊಳ್ಳುತ್ತದೆ, ಆಬ್ಜೆಕ್ಟ್ ಹುಟ್ಟಿದಾಗಲೆಲ್ಲ ‘ಇನಿಟ್’ ಅದಕ್ಕೆ ಅದರದೇ ಚೀಟಿ ಕಟ್ಟುತ್ತದೆ. ಬರೀ ಖಾಲಿ ಲಿಸ್ಟ್ ಖಾನೆಯಲ್ಲ. ಸೇವ್ ಮಾಡಿದರೂ ಡೇಟಾಬೇಸ್‌ಗೆ ಹೋಗದು.

ಷರಾ ಬೇಕೇ ಬೇಕೆಂದರೆ ಲಿಸ್ಟನ್ನೂ ಡೇಟಾಬೇಸ್‌ನಲ್ಲಿ ಉಳಿಸುವ ಜೇಸನ್‌ಫೀಲ್ಡ್ ಇಡಿ, ಡಿಫಾಲ್ಟ್‌ಗೆ ‘ಲಿಸ್ಟ್’ ಅಂತ ಹೆಸರಷ್ಟೇ ಕೊಡಿ. ಚೌಕ ಕಂಸ ಕೊಟ್ಟರೆ ಮತ್ತೆ ಅದೇ ಹಲಗೆ. ಜಾಂಗೋದ ‘ಚೆಕ್’ ಕಮಾಂಡ್ ಎಚ್ಚರಿಸುತ್ತದೆ, ಓದಿ. ಡಿಫಾಲ್ಟ್‌ಗೆ ಈಗಿನ ಹೊತ್ತು ಹೇಳುವ ‘ಟೈಮ್‌ಜೋನ್ ಡಾಟ್ ನೌ’ ಕೊಟ್ಟರೆ ಅದಕ್ಕೂ ಕಂಸ ಬೇಡ, ಹಾಕಿದರೆ ಸರ್ವರ್ ಶುರುವಾದ ಹೊತ್ತೇ ಎಲ್ಲ ದಾಖಲೆಗೂ ಬೀಳುತ್ತದೆ.

ಸಮಯವಾಯಿತಂತೆ. ಕೊನೆಯದೊಂದು ಮಾತು: ಹೊಸ ಫೀಲ್ಡ್ ಸಾಲಿನ ಕೊನೆಗೆ ಅಲ್ಪವಿರಾಮ ಉಳಿದರೆ ಅದು ಫೀಲ್ಡ್ ಆಗದೆ ಟಪಲ್ ಆಗುತ್ತದೆ, ಕಾಲಮ್ ಹುಟ್ಟುವುದಿಲ್ಲ. ಆ ಅಲ್ಪವಿರಾಮ ಅಳಿಸಿ, ಡೇಟಾಬೇಸ್ ಬದಲಾವಣೆಯ ಕಡತ ಬರೆಯುವ ಮೇಕ್‌ಮೈಗ್ರೇಶನ್ಸ್ ಇನ್ನೊಮ್ಮೆ ಓಡಿಸಿ. ನಮಸ್ಕಾರ.