ಮರಿ ಗೋಸುಂಬೆಯ ಕಣ್ಣಿಗೆ ನಮ್ಮ ಕೈ

ಎಲ್ಲರಿಗೂ ನಮಸ್ಕಾರ. ಮಕ್ಕಳೂ ಬಂದಿದ್ದೀರಿ, ತುಂಬಾ ಖುಷಿಯಾಯಿತು.

ಊರಲ್ಲಿ ಬೇಲಿ ಮೇಲೆ ತಲೆ ಆಡಿಸುತ್ತಾ ಕೂರುವ ಓತಿಕ್ಯಾತವನ್ನೇ ಎಷ್ಟೋ ಜನ ಗೋಸುಂಬೆ ಅನ್ನುತ್ತಾರೆ. ಅದು ಬೇರೆ, ಇದು ಬೇರೆ. ನಮ್ಮ ಕರ್ನಾಟಕದಲ್ಲೂ ನಿಜವಾದ ಗೋಸುಂಬೆ ಇದೆ. ರಜೆಗೆ ಊರಿಗೆ ಹೋದಾಗ ತೋಟದಲ್ಲಿ ಕಂಡರೆ ನೋಡಿ, ಹಿಡಿಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಸಾಕುವ ಹಾಗಿಲ್ಲ. ಇಲ್ಲಿ ಅಮೆರಿಕದಲ್ಲಿ ಅಂಗಡಿಯಿಂದ ಮನೆಗೆ ಬರುವುದು ಹೆಚ್ಚಾಗಿ ವೇಲ್ಡ್ ಕಮೀಲಿಯನ್ ಅನ್ನುವ ಜಾತಿಯ ಗೋಸುಂಬೆ. ಯೆಮನ್, ಸೌದಿ ಅರೇಬಿಯಾ ಕಡೆಯದು. ಎಳೆ ಹಸಿರು ಬಣ್ಣದ, ಬೆರಳುದ್ದದ ಮರಿ. ನೋಡಿದ ಕೂಡಲೇ ಎತ್ತಿಕೊಳ್ಳೋಣ ಅನಿಸುತ್ತದೆ, ಅಲ್ವಾ?

ನಾನೂ ಎತ್ತಿಕೊಂಡೆ. ಮೊದಲ ಮರಿ ತಂದ ದಿನವೇ ಕೊಂಬೆಯಿಂದ ಬಿಡಿಸಿ ಅಂಗೈಲಿ ಇಟ್ಟುಕೊಂಡೆ. ಅದು ಅಲ್ಲಾಡಲಿಲ್ಲ. ನೋಡನೋಡುತ್ತಲೇ ಮೈ ಕಪ್ಪಾಯಿತು. ಆಮೇಲೆ ಕಣ್ಣು ಮುಚ್ಚಿತು. ನಿದ್ದೆ ಬಂದಿದೆ, ನನ್ನನ್ನು ನಂಬಿದೆ ಅಂದುಕೊಂಡೆ. ಮೂರು ದಿನ ಅದು ಒಂದು ಹುಳವನ್ನೂ ಮುಟ್ಟಲಿಲ್ಲ. ಆ ಮೂರು ದಿನ ನನಗೂ ಊಟ ಸೇರಲಿಲ್ಲ.

ಹಗಲಲ್ಲಿ ಕಣ್ಣು ಮುಚ್ಚಿದ ಗೋಸುಂಬೆ ಹಾಯಾಗಿಲ್ಲ. ಒಂದೋ ಹೆದರಿದೆ, ಇಲ್ಲ ಕಾಯಿಲೆ ಬಿದ್ದಿದೆ. ಸುಮ್ನೆ ಕೂತಿದೆ ಅಂದರೆ ಒಗ್ಗಿಕೊಂಡಿದೆ ಅಂತಲ್ಲ. ಕಾಡಿನಲ್ಲಿ ಅದನ್ನು ತಿನ್ನುವುದು ಹಕ್ಕಿ, ಹಾವು. ಮೇಲಿನಿಂದ ಇಳಿಯುವ ಕೈ ಅದರ ಪಾಲಿಗೆ ಹಕ್ಕಿಯೇ. ಓಡಿ ಪಾರಾಗುವ ಕಾಲು ಅದಕ್ಕಿಲ್ಲ. ಹಾಗಾಗಿ ಕೊಂಬೆಯ ಆ ಬದಿಗೆ ಸರಿಯುತ್ತದೆ, ಬಾಯಿ ತೆರೆದು ಬುಸುಗುಟ್ಟುತ್ತದೆ, ಕೆಲವೊಮ್ಮೆ ಹಿಡಿತ ಬಿಟ್ಟು ಕೆಳಗೆ ಬಿದ್ದುಬಿಡುತ್ತದೆ. ಪೊದೆಯಲ್ಲಾದರೆ ಎಲೆಗಳು ತಡೆಯುತ್ತವೆ. ನಿಮ್ಮ ಎದೆಯೆತ್ತರದಿಂದ ಟೈಲ್ಸ್ ಮೇಲೆ ಬಿದ್ದರೆ?

ಪಾದವನ್ನೂ ಹತ್ತಿರದಿಂದ ನೋಡಿ. ಐದು ಬೆರಳು ಎರಡು, ಮೂರಾಗಿ ಅಂಟಿಕೊಂಡು ಇಕ್ಕಳದ ಹಾಗಿರುತ್ತವೆ. ಕೊಂಬೆ ಹಿಡಿದಿರುವಾಗ ಎಳೆದರೆ ಬೆರಳಿಗೆ, ಉಗುರಿಗೆ ಪೆಟ್ಟಾಗುತ್ತದೆ. ಪಂಜರ ತೊಳೆಯಬೇಕಾದರೆ ಕೊಂಬೆ ಸಮೇತ ಎತ್ತಿ.

ಬಣ್ಣದ ವಿಚಾರ. ಪರಿಸರಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆ ಅಂತ ನಾವೆಲ್ಲ ಕಲಿತಿದ್ದೇವೆ. ಆದರೆ ಬಿಸಿಲು, ಚಳಿ, ಭಯ, ಸಿಟ್ಟು, ಇವೇ ಜಾಸ್ತಿ ಕೆಲಸ ಮಾಡುವುದು. 2015ರಲ್ಲಿ ಜಿನೀವಾದ ವಿಜ್ಞಾನಿಗಳು ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆಯ ಚರ್ಮದಲ್ಲಿ ಅತಿ ಸಣ್ಣ ಹರಳುಗಳನ್ನು ತೋರಿಸಿದರು. ಪ್ರಾಣಿ ಶಾಂತವಾಗಿದ್ದಾಗ ಅವು ಒತ್ತೊತ್ತಾಗಿರುತ್ತವೆ, ಕೆರಳಿದಾಗ ದೂರ ಸರಿದು ಹಸಿರು ಹಳದಿಯಾಗುತ್ತದೆ. ಕಪ್ಪಾಗುವುದು ಬೇರೆ ಜೀವಕೋಶಗಳ ಕೆಲಸ. ಬೆಳಿಗ್ಗೆ ಬಿಸಿ ಹೀರಲು ಮೈ ಕಪ್ಪಾದರೆ ಚಿಂತೆಯಿಲ್ಲ. ನಿಮ್ಮ ಕೈ ಕಂಡೊಡನೆ ಕಪ್ಪಾದರೆ ಕೈ ತೆಗೆಯಿರಿ.

ತಂದ ಮೇಲೆ ಎರಡು ವಾರ ಮುಟ್ಟಲೇಬೇಡಿ. ಹುಳ ಕೊಡಿ, ಎಲೆಗಳ ಮೇಲೆ ನೀರು ಸಿಂಪಡಿಸಿ, ಆ ಹನಿಗಳನ್ನೇ ಅದು ಕುಡಿಯುವುದು. ಆಮೇಲೆ ಬಾಗಿಲು ತೆರೆದು ಕೈಯನ್ನು ಅದರ ಮಟ್ಟಕ್ಕಿಂತ ಕೆಳಗೆ, ಕೊಂಬೆಯ ಹಾಗೆ ಚಾಚಿ ಇಡಿ. ಬಂದರೆ ಬರಲಿ. ನನ್ನ ಎರಡನೇ ಮರಿ ಹತ್ತೊಂಬತ್ತು ದಿನ ಬರಲಿಲ್ಲ. ಇಪ್ಪತ್ತನೇ ದಿನ ಒಂದು ಮುಂಗಾಲು ಚಾಚಿ ನನ್ನ ಬೆರಳನ್ನು ಮುಟ್ಟಿತು, ಮತ್ತೆ ಹಿಂದಕ್ಕೆ ತೆಗೆದುಕೊಂಡಿತು. ಮೈ ಹಸಿರಾಗಿಯೇ ಇತ್ತು. ಅವತ್ತಿಗೆ ಅಷ್ಟೇ ಸಾಕು ಅಂತ ಬಾಗಿಲು ಹಾಕಿದೆ.